ಪಾಠಶಾಲೆ ಉಳಿಸಿದ ನಾಟಕಗಳು

ಕ್ರಿ.ಪೂ. 472ರ ವಸಂತದಲ್ಲಿ ಅಥೆನ್ಸಿನ ಜನರು ಡಯೊನೈಸಸ್ ದೇವರ ಉತ್ಸವಕ್ಕಾಗಿ ಆಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ನೆರೆದಿದ್ದರು. ಅವರ ಬೆನ್ನ ಹಿಂದೆ, ಗುಡ್ಡದ ನೆತ್ತಿಯಲ್ಲಿ, ಎಂಟು ವರ್ಷಗಳ ಹಿಂದೆ ಪಾರಸಿಕ ಸೈನ್ಯವು ಸುಟ್ಟುಹೋದ ದೇವಾಲಯಗಳು ಇನ್ನೂ ಹಾಳುಬಿದ್ದಿದ್ದವು. ಎದುರಿನ ರಂಗದಲ್ಲಿ ನಡೆಯುತ್ತಿದ್ದುದು ಆ ಪಾರಸಿಕರದೇ ಕಥೆ. ಬರೆದವನು ಈಸ್ಕಿಲಸ್. ಮ್ಯಾರಥಾನಿನ ರಣರಂಗದಲ್ಲಿ ತಾನೂ ಕಾದಿ, ಸೋದರನನ್ನು ಅಲ್ಲಿ ಕಳೆದುಕೊಂಡಿದ್ದ ಕವಿ.

ಅಂಥವನು ವಿಜಯದ ನಾಟಕ ಬರೆದಿದ್ದರೆ ಯಾರೂ ಬೆರಗಾಗುತ್ತಿರಲಿಲ್ಲ. ಆದರೆ ಅವನ ‘ಪಾರಸಿಕರು’ ನಡೆಯುವುದು ಶತ್ರುವಿನ ರಾಜಧಾನಿಯಾದ ಸೂಸಾದಲ್ಲಿ. ಮಗನ ಸುದ್ದಿಗಾಗಿ ಕಾದಿರುವ ರಾಜಮಾತೆ, ಸಲಾಮಿಸಿನ ಕಡಲಕಾಳಗದಲ್ಲಿ ನೌಕಾಬಲವೆಲ್ಲ ಮುಳುಗಿತೆಂದು ಹೇಳುವ ದೂತ, ಸಮಾಧಿಯಿಂದೆದ್ದು ಬರುವ ದಾರಿಯವುಷನ ಪ್ರೇತ, ಕಡೆಗೆ ಹರಿದ ಬಟ್ಟೆಯಲ್ಲಿ ಮನೆಗೆ ಮರಳುವ ಕ್ಸರ್ಕ್ಸಿಸ್: ಇಷ್ಟೇ ಕಥೆ. ಮಡಿದ ಪಾರಸಿಕ ವೀರರ ಹೆಸರುಗಳನ್ನು ಕವಿ ಸಾಲುಸಾಲಾಗಿ ಹೇಳಿಸುತ್ತಾನೆ. ಗೆದ್ದ ಗ್ರೀಕರಲ್ಲಿ ಒಬ್ಬನ ಹೆಸರೂ ನಾಟಕದಲ್ಲಿ ಬರುವುದಿಲ್ಲ. ಅಥೆನ್ಸಿನವರು ಇದಕ್ಕೆ ಮೊದಲ ಬಹುಮಾನ ಕೊಟ್ಟರು. ಇದೇ ಜನ, ಸುಮಾರು ಇಪ್ಪತ್ತು ವರ್ಷ ಮೊದಲು, ಮಿತ್ರನಗರವಾದ ಮಿಲೆಟಸಿನ ಪತನವನ್ನು ನಾಟಕವಾಗಿಸಿದ ಫ್ರಿನಿಕಸ್ ಕವಿಗೆ 1,000 ದ್ರಾಖ್ಮ ದಂಡ ವಿಧಿಸಿದ್ದರೆಂದು ಹೆರೊಡೊಟಸ್ ಬರೆಯುತ್ತಾನೆ. ತಮ್ಮವರ ಸಂಕಟವನ್ನು ನೆನಪಿಸಿ ಸಭೆಯನ್ನೆಲ್ಲ ಅಳಿಸಿದ್ದೇ ಅವನ ಅಪರಾಧ. ಸ್ವಂತ ದುಃಖವನ್ನು ನೋಡಲಾರದವರು ಶತ್ರುವಿನ ದುಃಖವನ್ನು ಕುಳಿತು ನೋಡಿದರು. ಇದನ್ನು ಕೆಲವರು ಗೆದ್ದವರ ಗುಪ್ತ ಸಂತೋಷವೆಂದು ಓದುತ್ತಾರೆ. ನಮಗೆ ಹಾಗೆ ತೋರುವುದಿಲ್ಲ.

ಈ ನಾಟಕವನ್ನು ಬಿ.ಎಂ.ಶ್ರೀಯವರು 1935ರಲ್ಲಿ ‘ಪಾರಸಿಕರು’ ಎಂದೇ ಕನ್ನಡಕ್ಕೆ ತಂದರು. ಗ್ರೀಕ್ ನಾಟಕದಲ್ಲಿ ಪಾತ್ರಗಳ ಮಾತೂ ಪದ್ಯವೇ. ಮೇಳದವರ ಹಾಡುಗಳಂತೂ ಬೇರೆ ಛಂದಸ್ಸಿನ, ಬೇರೆ ಭಾಷಾಛಾಯೆಯ ಕವಿತೆಗಳು. ಯಕ್ಷಗಾನದ ಹಿಮ್ಮೇಳವನ್ನು ಬಲ್ಲ ನಮಗೆ ಈ ಮೇಳ ಅಪರಿಚಿತವೆನಿಸದು. ಆದರೆ ಗ್ರೀಕರ ಮೇಳ ಹಾಡುವುದರ ಜೊತೆಗೆ ಕುಣಿಯುತ್ತಿತ್ತು, ಕಥೆಯೊಳಗಿನ ಪಾತ್ರವೂ ಆಗಿತ್ತು. ಇಲ್ಲಿ ಅದು ಸೂಸಾದ ಮುದುಕರ ಗುಂಪು.

ಶಾಲೆಯ ಶತಮಾನೋತ್ಸವದ ಸಂಪುಟದಲ್ಲಿ ಈ ಹಳೆಯ ಪ್ರಸ್ತಾಪವೇಕೆಂದು ಓದುಗರು ಕೇಳಬಹುದು. ಈ ನಾಟಕ ನಮ್ಮವರೆಗೆ ಬಂದ ಬಗೆಯನ್ನು ನೋಡಿದರೆ ಉತ್ತರ ದೊರೆಯುತ್ತದೆ. ಈಸ್ಕಿಲಸ್ ಬರೆದದ್ದು 70ಕ್ಕೂ ಹೆಚ್ಚು ನಾಟಕಗಳನ್ನು, ಸೊಫೊಕ್ಲಿಸ್ 100ಕ್ಕೂ ಹೆಚ್ಚು. ಇಬ್ಬರ ಹೆಸರಿನಲ್ಲೂ ಇಂದು ಇಡಿಯಾಗಿ ಉಳಿದಿರುವುದು ಏಳೇಳು. ಅಥೆನ್ಸಿನ ಲೈಕರ್ಗಸ್ ಮೂವರು ನಾಟಕಕಾರರ ಅಧಿಕೃತ ಪ್ರತಿಗಳನ್ನು ಸರಕಾರದ ವಶದಲ್ಲಿರಿಸಿದ್ದನು. ಈಜಿಪ್ತಿನ ದೊರೆ ಟಾಲೆಮಿಯು 15 ಟ್ಯಾಲೆಂಟ್ ಬೆಳ್ಳಿಯನ್ನು ಒತ್ತೆಯಿಟ್ಟು ಅವನ್ನು ತರಿಸಿಕೊಂಡು, ಒತ್ತೆ ಹೋದರೆ ಹೋಗಲೆಂದು ಮೂಲವನ್ನೇ ಇರಿಸಿಕೊಂಡು ನಕಲನ್ನು ಹಿಂದಿರುಗಿಸಿದನೆಂದು ಗೇಲನ್ ಹೇಳುತ್ತಾನೆ. ಆ ಮೂಲವೂ ಇಲ್ಲ, ಆ ನಕಲೂ ಇಲ್ಲ. ಉಳಿದದ್ದು ಉಪಾಧ್ಯಾಯರು ಮಕ್ಕಳಿಗಾಗಿ ಆರಿಸಿದ್ದು. ಕಾನ್‌ಸ್ಟಾಂಟಿನೋಪಲಿನ ಶಾಲೆಗಳಲ್ಲಿ ಒಬ್ಬೊಬ್ಬ ಕವಿಯ ಮೂರು ನಾಟಕಗಳನ್ನು ಓದಿಸುವ ರೂಢಿಯಿತ್ತು. ಈಸ್ಕಿಲಸನ ಮೂರರಲ್ಲಿ ‘ಪಾರಸಿಕರು’ ಒಂದು. ಯೂರಿಪಿಡಿಸನದು ಮಾತ್ರ ಬೇರೆ ಅದೃಷ್ಟ. ಪಠ್ಯದ ಹೊರಗಿನ ಅವನ ಕೆಲವು ನಾಟಕಗಳು, ಅಕಾರಾದಿಯಾಗಿ ಜೋಡಿಸಿದ್ದ ಸಂಪುಟದ ಒಂದು ಭಾಗ ಹೇಗೋ ಉಳಿದುದರಿಂದ ನಮಗೆ ದಕ್ಕಿದವು.

ಯೂರಿಪಿಡಿಸನ ಪದ್ಯಗಳು ಜೀವವನ್ನೂ ಉಳಿಸಿದವಂತೆ. ಕ್ರಿ.ಪೂ. 413ರಲ್ಲಿ ಸಿಸಿಲಿಯ ಸಿರಾಕ್ಯೂಸಿನಲ್ಲಿ ಸೋತ ಅಥೆನ್ಸಿನ ಸೈನ್ಯದವರನ್ನು ಕಲ್ಲುಗಣಿಗಳಲ್ಲಿ ಕೂಡಿಹಾಕಿದರು. ಅವನ ಪದ್ಯಗಳನ್ನು ಬಾಯಿಪಾಠವಾಗಿ ಬಲ್ಲ ಕೆಲವರು ಅವನ್ನು ಒಡೆಯರಿಗೆ ಕಲಿಸಿ ಬಿಡುಗಡೆ ಪಡೆದರೆಂದೂ, ಊರಿಗೆ ಮರಳಿ ಮುದಿಕವಿಗೆ ವಂದಿಸಿದರೆಂದೂ ಪ್ಲುಟಾರ್ಕ್ ಬರೆದಿದ್ದಾನೆ.

ಮುಂದೆ ಅಲೆಕ್ಸಾಂಡರನ ದಂಡಯಾತ್ರೆಗಳ ತರುವಾಯ ಗ್ರೀಕ್ ಮಾತಿನ ಕುಟುಂಬಗಳು ಈಜಿಪ್ತಿನ ಒಳನಾಡಿನಲ್ಲಿ ನೆಲೆಸಿದವು. ಸುತ್ತಲೂ ಇನ್ನೊಂದು ನುಡಿ. ಅಲ್ಲಿನ ಮಕ್ಕಳು ಹೋಮರನ ಸಾಲುಗಳನ್ನು ಮಡಕೆಚೂರಿನ ಮೇಲೆ, ಮೇಣದ ಹಲಗೆಯ ಮೇಲೆ, ಪಪೈರಸ್ಸಿನ ಹಾಳೆಯ ಮೇಲೆ ತಿದ್ದಿದ್ದು ಇಂದಿಗೂ ಉಳಿದಿದೆ. ಅಂಕುಡೊಂಕು ಅಕ್ಷರ, ತಪ್ಪು ಕಾಗುಣಿತ, ಎಲ್ಲವೂ. ಅದೇ ನಾಡಿನ ಆಕ್ಸಿರಿಂಕಸ್ ಊರಿನ ಕಸದ ದಿಬ್ಬಗಳಲ್ಲಿ ಒಂದು ಗ್ರೀಕ್ ಪ್ರಹಸನವೂ ದೊರೆಯಿತು. ಅದರಲ್ಲಿ ಬರುವ ಭಾರತದ ಕಡಲತೀರದ ಜನರ ಮಾತು ಕನ್ನಡವೇ ಎಂಬ ಚರ್ಚೆಯಲ್ಲಿ ಮಂಜೇಶ್ವರದ ಗೋವಿಂದ ಪೈಗಳೂ ಪಾಲ್ಗೊಂಡಿದ್ದರು. ವಿದ್ವಾಂಸರಲ್ಲಿ ಅದಿನ್ನೂ ಇತ್ಯರ್ಥವಾಗಿಲ್ಲ.

ಪಠ್ಯದಿಂದ ಹೊರಗುಳಿದವರ ಗತಿಯನ್ನೂ ಹೇಳಬೇಕು. ಲೆಸ್ಬೊಸ್ ದ್ವೀಪದ ಸ್ಯಾಫೊ ಗ್ರೀಕರು ಹೋಮರನ ಸಾಲಿನಲ್ಲಿಟ್ಟು ಕೊಂಡಾಡಿದ ಕವಯಿತ್ರಿ. ಅವಳು ಹಾಡಿದ್ದು ತನ್ನ ದ್ವೀಪದ ನುಡಿಯಲ್ಲಿ. ಶಾಲೆಗಳು ಅಥೆನ್ಸಿನ ನುಡಿಯನ್ನು ಶಿಷ್ಟವೆಂದು ಹಿಡಿದ ಮೇಲೆ ದ್ವೀಪದ ನುಡಿ ಮಕ್ಕಳಿಗೆ ಕಠಿನವಾಯಿತು. ಓದುವವರು ಕಡಿಮೆಯಾದಂತೆ ಪ್ರತಿ ಮಾಡುವವರೂ ಕಡಿಮೆಯಾದರು. ಅಲೆಕ್ಸಾಂಡ್ರಿಯದ ಪಂಡಿತರು ಹಲವು ಸಂಪುಟಗಳಲ್ಲಿ ಜೋಡಿಸಿದ್ದ ಆ ಹಾಡುಗಳಲ್ಲಿ ಪೂರ್ತಿಯಾಗಿ ಉಳಿದದ್ದು ಒಂದೇ ಒಂದು. ಅದೂ ಅಲಂಕಾರಶಾಸ್ತ್ರದ ಉಪಾಧ್ಯಾಯನೊಬ್ಬ ಉದಾಹರಣೆಗೆಂದು ತನ್ನ ಗ್ರಂಥದಲ್ಲಿ ಬರೆದುಕೊಂಡದ್ದರಿಂದ. ಉಳಿದವು ಮರಳಿನಿಂದ ಚೂರುಚೂರಾಗಿ ಮೇಲೆ ಬರುತ್ತಿವೆ. 2004ರಲ್ಲಿ ಜರ್ಮನಿಯ ಕಲೋನಿನ ವಿದ್ವಾಂಸರು ಅಂಥ ಒಂದು ಚೂರನ್ನು ಪ್ರಕಟಿಸಿದರು. ಕೂದಲು ನರೆತು, ಮೊಣಕಾಲು ಸೋತು, ಕುಣಿಯಲಾರದ ಕವಯಿತ್ರಿ ಅದರಲ್ಲಿ ಮಾತನಾಡುತ್ತಾಳೆ. ಅವಳು ಕರೆದು ಹೇಳುತ್ತಿರುವುದು ಎಳೆಯರಿಗೆ.