ಕರಡಿಗೆ ಮತ್ತು ಮಂಜೂಷ: ಗದಗ ಸೀಮೆಯ ಒಂದು ವಿಚಾರ

ಧಾರವಾಡ (1837), ಹುಬ್ಬಳ್ಳಿ (1839)ಗಳ ತರುವಾಯ ಬಾಸೆಲ್ ಮಿಶನ್ 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿತು. ಅಲ್ಲಿ ಮಿಶನರಿಗಳು ಎದುರುಗೊಂಡದ್ದು ಪುರಾತನ ದೇವಾಲಯಗಳನ್ನಷ್ಟೇ ಅಲ್ಲ. ನೇಕಾರನ, ವ್ಯಾಪಾರಿಯ, ಒಕ್ಕಲುಮಗನ ಎದೆಯ ಮೇಲೆ ತೂಗುತ್ತಿದ್ದ ಸಣ್ಣದೊಂದು ಸಂಪುಟವನ್ನು ಸಹ. ಸಭಾಚರಿತ್ರೆಯನ್ನು ಬರೆಯುವಾಗ ನಾವು ಶಾಲೆ, ಆಸ್ಪತ್ರೆ, ಕೈಗಾರಿಕೆಗಳ ವಿಷಯವಾಗಿ ಬಹಳ ಹೇಳುತ್ತೇವೆ. ಆ ಸಂಪುಟದ ವಿಷಯವಾಗಿ ಏನನ್ನೂ ಹೇಳುವುದಿಲ್ಲ.

ಅದು ಕರಡಿಗೆ, ಲಿಂಗಾಯತರ ಇಷ್ಟಲಿಂಗವನ್ನು ಇಟ್ಟುಕೊಳ್ಳುವ ಪೆಟ್ಟಿಗೆ. ಸಾಮಾನ್ಯವಾಗಿ ಬೆಳ್ಳಿಯದು, ನಡುವೆ ಗುಮ್ಮಟದಂತೆ ಉಬ್ಬಿ ಎರಡು ಪಕ್ಕಗಳಲ್ಲಿ ಚೂಪಾಗುವುದು ಒಂದು ಬಗೆ, ಗುಂಡಾದ ಗುಂಡುಗಡಿಗೆ ಇನ್ನೊಂದು, ಚೌಕಾಕಾರದ್ದು ಮತ್ತೊಂದು. ಶಿವದಾರ ಅದನ್ನು ಕೊರಳಿಗೆ ಕಟ್ಟುತ್ತದೆ. ಬೆಳ್ಳಿಗೆ ಗತಿಯಿಲ್ಲದವರು ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿಕೊಂಡರು. ದೇವರ ಮುಂದೆ ಎರಡಕ್ಕೂ ಭೇದವಿಲ್ಲ, ಊರಿನ ಕಣ್ಣಿಗೆ ಇತ್ತು. ಫರಿಸಾಯರು ಜ್ಞಾಪಕಪಟ್ಟಿಗಳನ್ನು ಅಗಲಮಾಡಿಕೊಂಡದ್ದನ್ನು ಕರ್ತನು ಖಂಡಿಸಿದ್ದು (ಮತ್ತಾಯ 23) ಇಂಥದೇ ದೌರ್ಬಲ್ಯವನ್ನು. ಭಾರವಾದ ಶಿಲುಬೆಗಳನ್ನು ಎದೆಯ ಮೇಲೆ ಧರಿಸುವ ನಾವೂ ಅದರಿಂದ ಹೊರತಲ್ಲ.

ಕರಡಿಗೆಯೆಂಬುದು ಸಂಸ್ಕೃತದ ಕರಂಡಕದಿಂದ ಬಂದ ಶಬ್ದ. ಬುದ್ಧನ ಧಾತುಗಳನ್ನಿಟ್ಟ ಪೆಟ್ಟಿಗೆಗೂ ಕರಂಡಕವೆಂದೇ ಹೆಸರು. ಆಂಧ್ರದ ಭಟ್ಟಿಪ್ರೋಲಿನ ಸ್ತೂಪದಲ್ಲಿ ದೊರೆತ ಧಾತುಪೆಟ್ಟಿಗೆಯ ಪ್ರಾಕೃತ ಶಾಸನದಲ್ಲಾದರೋ 'ಮಜುಸ' ಎಂಬ ಶಬ್ದವಿದೆ. ನಮ್ಮ ಕನ್ನಡ ಸತ್ಯವೇದದ 'ಒಡಂಬಡಿಕೆಯ ಮಂಜೂಷ' ಅದೇ ಶಬ್ದ. ಪವಿತ್ರವಾದುದನ್ನು ಹೊತ್ತೊಯ್ಯುವುದಕ್ಕೆ ಈ ನೆಲವು ಮೊದಲೇ ಸಿದ್ಧಪಡಿಸಿದ್ದ ಮಾತನ್ನು ಭಾಷಾಂತರಕಾರರು ಸಾಲವಾಗಿ ಪಡೆದರೆಂದು ನಾವು ತಿಳಿಯುತ್ತೇವೆ.

ಆ ಮಂಜೂಷವು ಜಾಲೀಮರದ್ದು. ಎರಡೂವರೆ ಮೊಳ ಉದ್ದ, ಒಂದೂವರೆ ಮೊಳ ಅಗಲ, ಅಷ್ಟೇ ಎತ್ತರ. ವಿಮೋಚನಕಾಂಡ 25ರಲ್ಲಿ ನಮ್ಮ ಗಮನವನ್ನು ಸೆಳೆಯಬೇಕಾದದ್ದು ಬಂಗಾರದ ತಗಡಿಗಿಂತ ಹೆಚ್ಚಾಗಿ ಹೊರುವ ಕೋಲುಗಳು. ಅವುಗಳನ್ನು ಬಳೆಗಳಿಂದ ಎಂದಿಗೂ ತೆಗೆಯಬಾರದೆಂದು ಆಜ್ಞೆಯಾಯಿತು. ಪೆಟ್ಟಿಗೆಯು ನಿಂತಲ್ಲಿಯೂ ಹೊರಡಲು ಸಿದ್ಧವಾಗಿರಬೇಕಿತ್ತು. ದಾವೀದನು ಆಲಯವನ್ನು ಕಟ್ಟಲು ಬಯಸಿದಾಗ ಬಂದ ಉತ್ತರವೂ (2 ಸಮುವೇಲ 7) ಗುಡಾರದಲ್ಲಿ ಸಂಚರಿಸಿದ ದೇವರದು. ಸ್ಥಾವರಕ್ಕೂ ಜಂಗಮಕ್ಕೂ ಇರುವ ಅಂತರವನ್ನು 12ನೆಯ ಶತಮಾನದ ಶರಣರಿಂದ ಕೇಳಿದ್ದ ಜನರಿಗೆ ಈ ಅಧ್ಯಾಯಗಳು ಅಪರಿಚಿತವಾಗಿ ತೋರಬೇಕಾಗಿರಲಿಲ್ಲ.

ಲಕ್ಕುಂಡಿಯವನೆಂದು ಪರಂಪರೆಯು ಹೇಳುವ ಅಜಗಣ್ಣನು, ಮುಕ್ತಾಯಕ್ಕನ ಅಣ್ಣ, ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಹಾವು ರತ್ನವನ್ನು ಬಾಯೊಳಗೆ ಅಡಗಿಸುವುದನ್ನು ಕಂಡು ಅವನೂ ಲಿಂಗವನ್ನು ಬಾಯೊಳಗೆ ಇಟ್ಟುಕೊಂಡನಂತೆ. ದೇಹವೇ ಕರಡಿಗೆಯಾಯಿತು. ನಿಕ್ಷೇಪವು ಮಣ್ಣಿನ ಘಟಗಳಲ್ಲಿದೆಯೆಂದು ಕೊರಿಂಥದವರಿಗೆ ಬರೆದ ಅಪೊಸ್ತಲನ ಮಾತನ್ನು ಗದಗಿನಲ್ಲಿ ಬೋಧಿಸುವವರು ಈ ಕಥೆಯನ್ನು ತಿಳಿದಿರಬೇಕು.

ಹೀಗಿರಲು ದೀಕ್ಷಾಸ್ನಾನಕ್ಕೆ ಬಂದ ಲಿಂಗಾಯತನು ಬಿಟ್ಟುಕೊಡಬೇಕಾದದ್ದು ಏನು? ಮಗು ಹುಟ್ಟಿದ ಕೆಲವು ದಿನಗಳಲ್ಲಿಯೇ ಲಿಂಗಧಾರಣೆಯಾಗುತ್ತದೆ. ಸತ್ತವನನ್ನು ಸಮಾಧಿಯಲ್ಲಿ ಕುಳ್ಳಿರಿಸುವಾಗ ಅದು ಅವನ ಎಡಗೈಯಲ್ಲಿರುತ್ತದೆ. ಶಿವದಾರವನ್ನು ಬಿಚ್ಚುವುದೆಂದರೆ ತಾಯಿಯಿಂದಲೂ ಸಮಾಧಿಯಿಂದಲೂ ಬೇರೆಯಾಗುವುದು. ಇದು ಕೇವಲ ವಿಗ್ರಹತ್ಯಾಗವೆಂದು ಎಣಿಸಿದ ಬೋಧಕರು ಆ ಕೈಗಳ ನಡುಕವನ್ನು ಕಾಣಲಿಲ್ಲ. ಎಲ್ಲರೂ ಹಾಗಿರಲಿಲ್ಲ. ವ್ಯೂರ್ತ್ ಬಸವಪುರಾಣವನ್ನು ಇಂಗ್ಲಿಷಿಗೆ ತಂದರು. ಕಿಟ್ಟೆಲ್ 1876ರಲ್ಲಿ ಲಿಂಗಪೂಜೆಯ ಮೂಲವನ್ನು ಕುರಿತು ಜರ್ಮನ್ ಭಾಷೆಯಲ್ಲಿ ಗ್ರಂಥವನ್ನೇ ಬರೆದರು. ಆದರೆ ಮೂಲವನ್ನು ಹುಡುಕುವುದು ಬೇರೆ, ಎದೆಯ ಮೇಲಿನ ಭಾರವನ್ನು ಅರಿಯುವುದು ಬೇರೆ.

ಆದಿಸಭೆಗೂ ತನ್ನದೇ ಕರಡಿಗೆಗಳಿದ್ದವು. ಸಭೆಗೆ ಬಾರದವರಿಗೆ ಸಭಾಸೇವಕರು ರೊಟ್ಟಿಯನ್ನು ಒಯ್ಯುತ್ತಿದ್ದರೆಂದು ಹುತಾತ್ಮನಾದ ಜಸ್ಟಿನನು ಹೇಳುತ್ತಾನೆ. ಅಯೋಗ್ಯಳಾದ ಒಬ್ಬ ಸ್ತ್ರೀಯು ಕರ್ತನ ರೊಟ್ಟಿಯಿದ್ದ ತನ್ನ ಪೆಟ್ಟಿಗೆಯನ್ನು ತೆರೆದಾಗ ಬೆಂಕಿಯೆದ್ದಿತೆಂದು 3ನೆಯ ಶತಮಾನದ ಸಿಪ್ರಿಯಾನನು ಬರೆಯುತ್ತಾನೆ. ಹಾಸಿಗೆ ಹಿಡಿದವರ ಮನೆಗೆ ನಮ್ಮ ಸಭಾಪಾಲಕರು ಒಯ್ಯುವ ಪುಟ್ಟ ಸಂಸ್ಕಾರಪೆಟ್ಟಿಗೆಯು, ಒಂದು ಬಟ್ಟಲು, ಒಂದು ತಟ್ಟೆ, ಒಂದು ಸೀಸೆ, ಅದೇ ವಂಶದ್ದು. ಬೆಟಗೇರಿಯ ಸುತ್ತಿನ ಹಳ್ಳಿಗಳಲ್ಲಿ ಅದನ್ನು ತೆರೆಯುವಾಗ ಬಾಗಿಲಲ್ಲಿ ನಿಂತು ನೋಡುವ ನೆರೆಯವರ ಎದೆಯ ಮೇಲೆ ಕರಡಿಗೆಯಿರುತ್ತದೆ.