ಬೀಟಲ್ ಎಂಜಿನ್ನಿನ ಮರುಜೋಡಣೆ: ಟಾರ್ಕಿಗಾಗಿ ಬಿಡಿಭಾಗಗಳ ಆಯ್ಕೆ

ಫರ್ಡಿನಾಂಡ್ ಪೋರ್ಷೆಯವರ ವಿನ್ಯಾಸ ಕಚೇರಿಯಲ್ಲಿ ಫ್ರಾಂಟ್ಸ್ ರೈಮ್‌ಸ್ಪೀಸ್ 1930ರ ದಶಕದಲ್ಲಿ ರೂಪಿಸಿದ ಫೋಕ್ಸ್‌ವ್ಯಾಗನ್ ಬೀಟಲ್ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳು ಎರಡೆರಡಾಗಿ ಎದುರುಬದುರು ಮಲಗಿರುತ್ತವೆ. ನೀರಿನ ನೆರವಿಲ್ಲದೆ ಫ್ಯಾನಿನ ಗಾಳಿ ಮತ್ತು ಆಯಿಲ್‌ನಿಂದಲೇ ಅದು ತಣಿಯಬೇಕಾದ್ದರಿಂದ ಅದರ ಉಸಿರಾಟವನ್ನು ಬೇಕೆಂದೇ ಬಿಗಿಹಿಡಿಯಲಾಗಿತ್ತು. 1960ರ ದಶಕದ ಆರಂಭದ 1192 ಸಿಸಿ ಎಂಜಿನ್ನು 28 ಮಿ.ಮೀ. ಅಳತೆಯ ಒಂದೇ ಪುಟ್ಟ ಕಾರ್ಬ್ಯುರೇಟರಿನಿಂದ ಗಾಳಿ-ಪೆಟ್ರೋಲ್ ಮಿಶ್ರಣ ಪಡೆದು, ಟಾರ್ಕಿನ, ಅಂದರೆ ತಿರುಗಿಸುವ ಬಲದ, ಶಿಖರವನ್ನು ನಿಮಿಷಕ್ಕೆ 2000 ಸುತ್ತುಗಳಲ್ಲೇ ಮುಟ್ಟುತ್ತಿತ್ತು. 34 ಅಶ್ವಶಕ್ತಿಯ ಗರಿಷ್ಠ ಬಲ 3600 ಸುತ್ತುಗಳಿಗೇ ಮುಗಿಯುತ್ತಿತ್ತು.

ಈ ಬಿಗಿಯನ್ನು ಸಡಿಲಿಸಿದವರಲ್ಲಿ ಮೊದಲಿಗರು ಜರ್ಮನರೇ. ಗೆರ್ಹಾರ್ಡ್ ಓಟಿಂಗರ್ ಅವರ ಒಕ್ರಾಸಾ ಸಂಸ್ಥೆ 1950ರ ದಶಕದಲ್ಲಿ ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಒಳದಾರಿಯಿರುವ ಹೆಡ್‌ಗಳನ್ನೂ ಎರಡು ಕಾರ್ಬ್ಯುರೇಟರುಗಳನ್ನೂ ಮಾರಿತಲ್ಲದೆ, ಪಿಸ್ಟನ್ನಿನ ಓಟವನ್ನು, ಅಂದರೆ ಸ್ಟ್ರೋಕನ್ನು, 64 ಮಿ.ಮೀ.ಗಳಿಂದ 69.5ಕ್ಕೆ ಏರಿಸುವ ಕ್ರ್ಯಾಂಕ್‌ಶಾಫ್ಟನ್ನೂ ಒದಗಿಸಿತು. ಅಂಥ ಜೋಡಿ ಒಳದಾರಿಯ ಹೆಡ್ ಕಾರ್ಖಾನೆಯ ಬೀಟಲ್‌ಗೆ ಬಂದದ್ದು 1971ರ ಮಾದರಿಯಲ್ಲಿ ಎಂಬುದು ಗಮನಾರ್ಹ. 1960ರ ದಶಕದಲ್ಲಿ ಈ ವಿದ್ಯೆ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ವ್ಯಾಪಾರವಾಗಿ ಬೆಳೆಯಿತು. ಕಾಲು ಮೈಲಿಯ ಡ್ರ್ಯಾಗ್ ಓಟಗಾರರಿಗೆ ಹೆಚ್ಚು ಸುತ್ತುಗಳ ಬಲವೇ ಸರ್ವಸ್ವವಾಗಿದ್ದರೆ, ಬ್ರೂಸ್ ಮೇಯರ್ಸ್ 1964ರಲ್ಲಿ ನಿರ್ಮಿಸಿದ ಮ್ಯಾಂಕ್ಸ್‌ನಂಥ ಮರಳುಗಾಡಿನ ಬಗ್ಗಿಗಳಿಗೆ, ಚಕ್ರ ಹೂತಾಗಲೂ ಎಂಜಿನ್ ಆರದಂತೆ ಎಳೆಯುವ ಕೆಳಸುತ್ತಿನ ಟಾರ್ಕ್ ಬೇಕಿತ್ತು. ಭಾಗಗಳ ಆಯ್ಕೆಯ ಎರಡು ದಾರಿಗಳು ಇಲ್ಲಿಯೇ ಕವಲೊಡೆದವು.

ಟಾರ್ಕಿನ ದಾರಿ ಹಿಡಿದವರಿಗೆ ಮೊದಲ ಪ್ರಶ್ನೆ ಸಿಸಿಯದು. ಕಾರ್ಖಾನೆಯ ಕೊನೆಯ ದೊಡ್ಡ ಎಂಜಿನ್ನಿನ ಬೋರ್, ಎಂದರೆ ಸಿಲಿಂಡರಿನ ಒಳವ್ಯಾಸ, 85.5 ಮಿ.ಮೀ., ಸ್ಟ್ರೋಕ್ 69 ಮಿ.ಮೀ. ಇದ್ದು ಒಟ್ಟು 1584 ಸಿಸಿ ಆಗುತ್ತಿತ್ತು. 88 ಮಿ.ಮೀ. ಸಿಲಿಂಡರುಗಳು ಕ್ರ್ಯಾಂಕ್‌ಕೇಸನ್ನು ಕೊರೆಯದೆಯೇ ಕೂರುತ್ತವೆಯಾದರೂ ಅವುಗಳ ಗೋಡೆ ತೆಳು. ಹಾಗಾಗಿ ಕೇಸನ್ನೂ ಹೆಡ್ಡನ್ನೂ ಕೊರೆಸುವ ಖರ್ಚಿದ್ದರೂ 90.5 ಮಿ.ಮೀ. ಸಿಲಿಂಡರುಗಳನ್ನು ಆರಿಸುವುದೇ ಜಾಣತನ. ಅದಕ್ಕೆ 78 ಮಿ.ಮೀ. ಸ್ಟ್ರೋಕಿನ ಕ್ರ್ಯಾಂಕ್ ಸೇರಿದರೆ 2007 ಸಿಸಿ ದೊರೆಯುತ್ತದೆ. ಉದ್ದದ ಸ್ಟ್ರೋಕೇ ಟಾರ್ಕಿನ ಗುಟ್ಟೆಂಬ ನಂಬಿಕೆ ಬಲವಾಗಿದ್ದರೂ ಅದು ಅರ್ಧಸತ್ಯ, ಏಕೆಂದರೆ ಲಾಭದ ಬಹುಪಾಲು ಹೆಚ್ಚಿದ ಸಿಸಿಯಿಂದಲೇ ಬರುತ್ತದೆ.

ಹಣ ಹೆಚ್ಚಾಗಿ ಪೋಲಾಗುವುದು ಕ್ಯಾಮ್‌ಶಾಫ್ಟಿನ ಆಯ್ಕೆಯಲ್ಲಿ. ವಾಲ್ವುಗಳನ್ನು ದೀರ್ಘಕಾಲ ತೆರೆದಿಡುವ ಓಟದ ಕ್ಯಾಮ್ ಕೆಳಸುತ್ತುಗಳಲ್ಲಿ ಮಿಶ್ರಣವನ್ನು ಹಿಂದಕ್ಕೆ ತಳ್ಳಿ ಎಂಜಿನ್ನನ್ನು ಸೊರಗಿಸುತ್ತದೆ. ಅತಿ ಅಗಲವಾದ ಒಳದಾರಿಗಳೂ ಗಾಳಿಯ ವೇಗ ತಗ್ಗಿಸಿ ಅದೇ ಹಾನಿ ಮಾಡುತ್ತವೆ. ಆದ್ದರಿಂದ ಸೌಮ್ಯವಾದ ಕ್ಯಾಮ್, ಮಿತವಾದ ವಾಲ್ವ್ ಮತ್ತು ಹೆಚ್ಚು ಕಾವು ಹುಟ್ಟಿಸದ ಕಂಪ್ರೆಶನ್ ಇವೇ ಟಾರ್ಕ್ ಎಂಜಿನ್ನಿಗೆ ಒಪ್ಪುತ್ತವೆ. ಇವುಗಳ ಜೊತೆಗೆ, ಬಾಗುವ ಸ್ವಭಾವದ ಮೂಲ ಕ್ರ್ಯಾಂಕಿನ ಬದಲು ಪ್ರತಿಭಾರವುಳ್ಳ ಕ್ರ್ಯಾಂಕ್ ಬಳಸುವುದು ಬೇರಿಂಗುಗಳಿಗೆ ಕ್ಷೇಮ.

ಇನ್ನು ಕಾವಿನ ವಿಚಾರ. ಹಳೆಯ ಎಂಜಿನ್ನುಗಳಲ್ಲಿ ಆಯಿಲ್ ಕೂಲರ್ ಮೂರನೆಯ ಸಿಲಿಂಡರಿಗೆ ಹೋಗುವ ಗಾಳಿಗೆ ಅಡ್ಡವಾಗಿದ್ದು ಅದನ್ನು ಮಿಕ್ಕವುಗಳಿಗಿಂತ ಹೆಚ್ಚು ಬಿಸಿಯಾಗಿಸುತ್ತಿತ್ತು. ಕಾರ್ಖಾನೆ 1971ರ ಮಾದರಿಯಿಂದ ಕೂಲರನ್ನು ಪಕ್ಕಕ್ಕೆ ಸರಿಸಿ ಅದಕ್ಕೆ ಪ್ರತ್ಯೇಕ ಗಾಳಿದಾರಿ ಕೊಟ್ಟಿತು. ಹಳೆಯ ಎಂಜಿನ್ನುಗಳನ್ನು ದೊಡ್ಡದು ಮಾಡುವವರು ಇಂದಿಗೂ ಈ ಬದಲಾವಣೆಯನ್ನು ಬಿಡದೆ ಅಳವಡಿಸುತ್ತಾರೆ.