ರಿಪೋರ್ಟಿನಲ್ಲಿ ‘ಪಾಸಿಟಿವ್’ ಅಂತ ಬಂದರೆ ಕೆಟ್ಟದ್ದಾ? ಈ ಪದದ ಅರ್ಥಗಳೆಷ್ಟು?

ಸುರಪುರ ತಾಲ್ಲೂಕಿನ ದೇವಾಪುರದಲ್ಲಿ ಗರ್ಭಿಣಿಯೊಬ್ಬರ ತಾಯಿ ಕಾರ್ಡು ನೋಡುತ್ತಿದ್ದೀರಿ ಎಂದುಕೊಳ್ಳಿ. ಗರ್ಭ ಪರೀಕ್ಷೆ ಪಾಸಿಟಿವ್ ಬಂದಾಗ ಮನೆಯವರೆಲ್ಲ ಖುಷಿಪಟ್ಟಿದ್ದರು. ಎಚ್‌ಐವಿ ನೆಗೆಟಿವ್, ಅದೂ ನೆಮ್ಮದಿ. ಕೆಳಗೆ ರಕ್ತದ ಗುಂಪು ‘ಓ ನೆಗೆಟಿವ್’. ಇದು ಒಳ್ಳೆಯದೋ ಕೆಟ್ಟದ್ದೋ?

ಗೊಂದಲಕ್ಕೆ ಕಾರಣ ಪದದ ಇತಿಹಾಸ. ಲ್ಯಾಟಿನ್ನಿನ ‘ಪೊನೆರೆ’ ಅಂದರೆ ಇಡು. ಬ್ಯಾಂಕಿನ ‘ಡೆಪಾಸಿಟ್’ ಕೂಡ ಅದೇ ಬೇರಿನದು. ಇಂಗ್ಲಿಷಿಗೆ ಬಂದಾಗ ‘ಪಾಸಿಟಿವ್’ ಎಂದರೆ ಗೊತ್ತುಪಡಿಸಿಟ್ಟ ಕಾನೂನು. ಅಲ್ಲಿಂದ ‘ಖಚಿತವಾದದ್ದು’ ಎಂಬ ಅರ್ಥ ಹುಟ್ಟಿತು. 1747ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಇದನ್ನು ವಿದ್ಯುತ್ತಿಗೆ ಬಳಸಿದರು. ಟ್ರ್ಯಾಕ್ಟರ್ ಬ್ಯಾಟರಿಯ ಪ್ಲಸ್-ಮೈನಸ್ ಆ ವಂಶದ್ದೇ. 1840ರಲ್ಲಿ ಜಾನ್ ಹರ್ಷಲ್ ಫೋಟೊಗಳಿಗೆ ತಂದರು. ‘ಪಾಸಿಟಿವ್ ಆಗಿ ಯೋಚಿಸಿ’ ಎಂದು ದಿನಾ ಬೆಳಿಗ್ಗೆ ಗ್ರೂಪಿಗೆ ಬರುತ್ತದಲ್ಲ, ಆ ಅರ್ಥ ಜನಪ್ರಿಯವಾದದ್ದು ಕಳೆದ ಶತಮಾನದಲ್ಲಿ.

ಲ್ಯಾಬಿನವರಿಗೆ ಇದರಲ್ಲಿ ಒಳ್ಳೆಯದು ಕೆಟ್ಟದ್ದು ಇಲ್ಲ. ಹುಡುಕಿದ್ದು ಸಿಕ್ಕಿತು ಎಂದರೆ ಪಾಸಿಟಿವ್, ಸಿಗಲಿಲ್ಲ ಎಂದರೆ ನೆಗೆಟಿವ್, ಅಷ್ಟೆ. 2020ರ ಬೇಸಿಗೆಯಲ್ಲಿ ಮಹಾರಾಷ್ಟ್ರದಿಂದ ದುಡಿಯಲು ಹೋದವರು ಯಾದಗಿರಿ ಜಿಲ್ಲೆಗೆ ಮರಳಿದಾಗ ‘ಪಾಸಿಟಿವ್’ ಎಂದರೆ ಬೈಗುಳ ಎಂಬಂತಾಗಿತ್ತು. ಆ ಭಯ ಇನ್ನೂ ಪೂರ್ತಿ ಹೋಗಿಲ್ಲ. ಹುಡುಕಿದ್ದು ಸಿಕ್ಕಿತು ಎಂದು ಪರೀಕ್ಷೆ ತಪ್ಪಾಗಿ ಹೇಳುವುದೂ ಉಂಟು. ಅದಕ್ಕೇ ಎಚ್‌ಐವಿ ಇದೆ ಎನ್ನುವ ಮೊದಲು ಬೇರೆ ಬೇರೆ ಕಿಟ್‌ಗಳಲ್ಲಿ ಮೂರು ಸಲ ನೋಡುತ್ತಾರೆ. ಒಂದೇ ಚೀಟಿಯ ಫೋಟೊ ತೆಗೆದು ಯಾರದೋ ಹೆಸರಿನ ಸಮೇತ ಗ್ರೂಪಿಗೆ ಹಾಕುವುದು ಘೋರ ತಪ್ಪು.

ಇನ್ನು ರಕ್ತದ ಗುಂಪು. ಇಲ್ಲಿ ಹುಡುಕುವುದು ರೋಗವನ್ನಲ್ಲ, ಕೆಂಪು ರಕ್ತಕಣದ ಮೇಲಿರುವ ‘ಆರ್‌ಎಚ್-ಡಿ’ ಎಂಬ ಪ್ರೋಟೀನನ್ನು. ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 5 ಮಂದಿ ನೆಗೆಟಿವ್. ಅವರ ರಕ್ತ ದುರ್ಬಲವೂ ಅಲ್ಲ, ಕೆಟ್ಟದ್ದೂ ಅಲ್ಲ.

ಆದರೆ ತಾಯಿ ಕಾರ್ಡಿನಲ್ಲಿ ನೆಗೆಟಿವ್ ಎಂದಿದ್ದರೆ ಸುಮ್ಮನಿರಬಾರದು. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯ ವೇಳೆ ಮಗುವಿನ ರಕ್ತ ಸ್ವಲ್ಪ ತಾಯಿಯ ದೇಹ ಸೇರಬಹುದು. ತಾಯಿಯ ದೇಹ ಅದನ್ನು ಹೊರಗಿನದೆಂದು ತಿಳಿದು ಪ್ರತಿಕಾಯಗಳನ್ನು ತಯಾರಿಸುತ್ತದೆ. ಮೊದಲ ಕೂಸಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮುಂದಿನ ಬಸಿರಿನಲ್ಲಿ ಅವೇ ಪ್ರತಿಕಾಯಗಳು ಕೂಸಿನ ರಕ್ತಕಣಗಳನ್ನು ಒಡೆಯುತ್ತವೆ. ತೀವ್ರ ರಕ್ತಹೀನತೆ, ಕಾಮಾಲೆ ಬಂದು ಕೂಸು ಉಳಿಯದೆಯೂ ಹೋಗಬಹುದು. ‘ಯಾರದೋ ದೃಷ್ಟಿ ತಾಗಿತು’ ಎಂದು ಮನೆಯಲ್ಲಿ ಹೇಳುವ ಕೆಲವು ಸಾವುಗಳ ಹಿಂದೆ ಇದೂ ಇರಬಹುದು.

ತಡೆಯಲು ‘ಆಂಟಿ-ಡಿ’ ಇಂಜೆಕ್ಷನ್ ಇದೆ. ಮಗು ಪಾಸಿಟಿವ್ ಎಂದಾದರೆ ಹೆರಿಗೆಯಾದ 72 ಗಂಟೆಯೊಳಗೆ ಕೊಡಬೇಕು. 28ನೇ ವಾರದ ಹೊತ್ತಿಗೂ ಒಂದು ಡೋಸ್ ಕೊಡುವುದುಂಟು. ಗರ್ಭಪಾತವಾದರೂ ವೈದ್ಯರನ್ನು ಕೇಳಿ. ಪ್ರತಿಕಾಯ ಒಮ್ಮೆ ತಯಾರಾದ ಮೇಲೆ ಈ ಇಂಜೆಕ್ಷನ್ ಕೆಲಸಕ್ಕೆ ಬಾರದು.